ಸೈಮಾಳ ಕಪಾಟಿನ ಬಲಪಕ್ಕ

ಆರ್ವೊ ಪೆಲ್ಕೊನೆನ್ ಹಿಮ ಕರಗುವ ಹೊತ್ತಿಗೆ ತೀರಿಕೊಂಡ. ಟಪಿಯೋಲ ಊರಿನ ಅರ್ಧ ಮನೆಗಳ ಸೌನಾ ಎಂಬ ಹಬೆಕೋಣೆಯ ಬೆಂಚುಗಳು ಅವನ ಕೈಯವು. ಅವುಗಳ ಮೇಲೆ ಕೂತು ಬೆವರಿದವರು ಆ ಬಗ್ಗೆ ಯೋಚಿಸಿದ್ದಿಲ್ಲ. ಅಲುಗಾಡದ ಬೆಂಚಿನ ಬಗ್ಗೆ ಯಾರು ಯೋಚಿಸುತ್ತಾರೆ? ಅವನ ಕೊನೆಯ ದೊಡ್ಡ ಕೆಲಸ ಮನೆಯಲ್ಲೇ ಉಳಿದ ಒಂದು ಪುಸ್ತಕದ ಕಪಾಟು.

ಹೆಂಡತಿ ಸೈಮಾಳ ಕಣ್ಣು ಮಂಜಾಗುತ್ತ ಬಂದಿತ್ತು. ಭೂತಗನ್ನಡಿ ಹಿಡಿದರೆ ಪುಟ ಕಾಣುತ್ತಿತ್ತು, ಗೋಡೆಯ ಕಡೆ ಪೇರಿಸಿಟ್ಟ ಪುಸ್ತಕಗಳು ಕಾಣುತ್ತಿರಲಿಲ್ಲ. ಏನು ಬೇಕಾದರೂ ಆರ್ವೊನನ್ನು ಕೂಗಬೇಕು. ಅವನಿಗೆ ಓದು ಅಷ್ಟಕ್ಕಷ್ಟೆ. ಕಾದಂಬರಿ ಕೇಳಿದರೆ ಕೀರ್ತನೆಯ ಪುಸ್ತಕ ತರುತ್ತಿದ್ದ.

"ಇದನ್ನ ಓದಿ ನಾನು ಸ್ವರ್ಗಕ್ಕೆ ಹೋಗ್ಲಿ ಅಂತಾನಾ?" ಎಂದು ಒಮ್ಮೆ ಕೇಳಿದಳು. ಆಮೇಲೆ ದನಿ ಇಳಿಸಿ, "ನಿನ್ನ ಎದೆ ಬಗ್ಗೆ ಡಾಕ್ಟರು ಹೇಳಿದ್ದು ಗೊತ್ತಲ್ಲ. ನೀನೇ ಮೊದ್ಲು ಹೋದ್ರೆ ಯಾರನ್ನ ಕೂಗ್ಲಿ ಮಾರಾಯ?"

ಆರ್ವೊ ಎದ್ದು ಹೊರಗೆ ಹೋದ. ಕೊಟ್ಟಿಗೆಯ ಅಟ್ಟದಿಂದ ಅಗಲವಾದ ಚೆರಿ ಮರದ ಹಲಗೆಗಳನ್ನು ಇಳಿಸಿದ. ಅಷ್ಟು ಅಗಲದ ಹಲಗೆ ಅವನ ಹತ್ತಿರ ಬೇರೆ ಇರಲಿಲ್ಲ.

ಅವನು ಟೇಪು ಹಿಡಿದವನಲ್ಲ. ಪ್ರತಿ ಕೆಲಸಕ್ಕೂ ಒಂದು ತೆಳುವಾದ ಕೋಲು, ಕೋಲಿನ ಮೇಲೆ ಗೀರು. ಎಲ್ಲ ಹಲಗೆಗೂ ಅದೇ ಕೋಲು. "ಅಂಕಿ ಬಾಯಿಂದ ಕಿವಿಗೆ ಬರೋದ್ರಲ್ಲಿ ಬದಲಾಗತ್ತೆ, ಗೀರು ಬದಲಾಗಲ್ಲ" ಎನ್ನುತ್ತಿದ್ದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸೈಮಾಳನ್ನು ಕೂರಿಸಿ, ಎಡಗೈಯ ಬಳಿ ಆ ಕೋಲನ್ನು ನೆಟ್ಟಗೆ ನಿಲ್ಲಿಸಿದ. "ಕಣ್ಣು ಮುಚ್ಚಿ ಕೈ ಚಾಚು" ಎಂದ.

"ಮುಚ್ಚಿದ್ರೂ ಒಂದೇ, ಬಿಟ್ರೂ ಒಂದೇ."

"ಸರಿ, ಬಿಟ್ಕೊಂಡೇ ಚಾಚು."

ಕೈ ಆಯಾಸವಿಲ್ಲದೆ ತಲುಪಿದಲ್ಲೆಲ್ಲ ಗೀರು ಹಾಕಿದ. ಹಲಗೆ ಕೂರುವ ಜಾಗ ಅವೇ. ದಪ್ಪ ಪುಸ್ತಕಗಳು ಕೆಳಗೆ, ದಿನಾ ಬೇಕಾದವು ಮೊಣಕೈ ಮಟ್ಟಕ್ಕೆ.

ಕಪಾಟಿನ ಎರಡು ಪಕ್ಕಗಳೆಂದರೆ ಬೂಟಿನ ಜೋಡಿಯಿದ್ದ ಹಾಗೆ, ಒಂದು ಎಡದ್ದು, ಒಂದು ಬಲದ್ದು. ಅಡ್ಡಹಲಗೆ ಕೂರುವ ಕಚ್ಚು ಮುಂದಿನ ಅಂಚಿಗೆ ಬೆರಳಗಲ ಮೊದಲೇ ನಿಲ್ಲಬೇಕು, ಜೋಡಣೆ ಎದುರಿನಿಂದ ಕಾಣಬಾರದು. ಅದಕ್ಕಾಗಿ ಎರಡೂ ಹಲಗೆಗಳನ್ನು ತೆರೆದ ಪುಸ್ತಕದಂತೆ ನೆಲಕ್ಕೆ ಹಾಸಿ, ಒಂದೇ ಗೆರೆಯನ್ನು ಎರಡರ ಮೇಲೂ ಎಳೆಯುವುದು ಅವನ ಪದ್ಧತಿ. ಆ ಚಳಿಗಾಲ ನೆಲಕ್ಕೆ ಬಗ್ಗಿದರೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಒಂದು ಹಲಗೆಯನ್ನು ಮೇಜಿನ ಮೇಲೆ ಕೊರೆದ. ಅದನ್ನು ನೋಡಿಕೊಂಡು ಇನ್ನೊಂದನ್ನು ಕೊರೆದ, ಮೊದಲನೆಯದರ ತದ್ರೂಪವಾಗಿ.

ಪಕ್ಕದ ಮನೆಯ ರೈನೊ ಮತ್ತಿಲ, ಸೌನಾ ಕಾದಿದೆ ಎಂದು ಕರೆಯಲು ಬಂದವನು ಎರಡನ್ನೂ ಗೋಡೆಗೆ ಆನಿಸಿ ನೋಡಿದ.

"ಲೋ ಆರ್ವೊ, ಎರಡೂ ಎಡಗಾಲಿನ ಬೂಟೇ ಅಲ್ಲೇನೋ!"

ಆರ್ವೊ ನೋಡಿದ. ಕಚ್ಚುಗಳ ಮೇಲೆ ಬೆರಳಾಡಿಸಿದ.

"ಒಂದನ್ನ ಸುಮ್ನೆ ತಲೆಕೆಳಗೆ ನಿಲ್ಸಿಬಿಡು" ಎಂದ ರೈನೊ.

"ಗೀರುಗಳ ಅಂತರ ಒಂದೇ ಇಲ್ಲ, ಹಲಗೆ ಇಳಿಜಾರಾಗತ್ತೆ ಕಣೋ. ಪುಸ್ತಕ ಜಾರುಬಂಡಿ ಆಡ್ತಾವೆ."

ರೈನೊ ನಕ್ಕ. ಆರ್ವೊ ನಗಲಿಲ್ಲ. ಆ ದಿನ ಸೌನಾಕ್ಕೂ ಹೋಗಲಿಲ್ಲ.

ಒಂದು ಹಲಗೆಯ ಬೆನ್ನಿಗೆ ಅದೇ ಕೋಲು ಹಿಡಿದು, ಅದೇ ಗೀರುಗಳಲ್ಲಿ ಹೊಸದಾಗಿ ಕೊರೆದ. ಆಚೆ ಮೈಯಲ್ಲಿ ಹಳೆಯ ಕಚ್ಚುಗಳಿದ್ದುದರಿಂದ ಈ ಸಲ ಅಷ್ಟು ಆಳಕ್ಕಲ್ಲ. ಬಲಪಕ್ಕ ಸಿದ್ಧವಾಯಿತು. ಹೊರಮೈಗೆ ಬಂದ ಹಳೆಯ ಕಚ್ಚುಗಳಿಗೆ ಚೆರಿ ಪಟ್ಟಿಗಳನ್ನು ಅಂಟು ಹಚ್ಚಿ ಬಡಿದ. ಅವು ಕೂದಲೆಳೆಯಷ್ಟಲ್ಲ, ಉಗುರು ದಪ್ಪಕ್ಕೆ ಉಬ್ಬಿದ್ದವು. ಅಂಟು ಒಣಗಿದ ಮೇಲೆ ಉಜ್ಜುಗೊರಡು ಹಿಡಿದು ಸಮ ಮಾಡುವುದೆಂದು, ಕಪಾಟನ್ನು ಜೋಡಿಸಿ, ಬಲಪಕ್ಕ ಕುರ್ಚಿಯ ಕಡೆಗೆ ಬರುವಂತೆ ತಂದು ನಿಲ್ಲಿಸಿದ್ದ.

ಸೈಮಾ ಬಂದು ಕೂತು ಕೈಯಾಡಿಸಿದಳು. "ಇದೇನಿಲ್ಲಿ?"

"ನನ್ನ ದಡ್ಡತನ. ನಾಳೆ ಉಜ್ಜಿ ಹಾಕ್ತೀನಿ. ಕಾಣಲ್ಲ."

ಅವಳು ಬೆರಳನ್ನು ಹೊರಮೈ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆದಳು. ಒಂದು ಪಟ್ಟಿಯ ಬಳಿ ನಿಲ್ಲಿಸಿ, ಮೂಲೆ ಸುತ್ತಿ ಕೈಯನ್ನು ಒಳಗಿಟ್ಟಳು. ಅಡ್ಡಹಲಗೆ ಸರಿಯಾಗಿ ಅದೇ ಎತ್ತರಕ್ಕಿತ್ತು.

"ಮುಂದಿನಿಂದ ತಡಕಿದ್ರೆ ತೋಳು ತಾಗಿ ಪುಸ್ತಕ ಬೀಳ್ತಾವೆ. ಇದು ಪಕ್ಕದಿಂದ್ಲೇ ಹೇಳತ್ತೆ" ಎಂದಳು. "ಉಜ್ಜುಗೊರಡು ತಗೊಂಡು ಇದರ ಹತ್ರ ಬಂದ್ಯೋ, ನೋಡು."

"ನೋಡಿದೋರು ನಗ್ತಾರೆ ಕಣೇ."

"ನನಗೆ ಕಾಣಲ್ವಲ್ಲ."

ಅವನು ಮಾಡಿದ ಕೆಲಸಗಳಲ್ಲಿ ಸಮ ಮಾಡದೆ ಬಿಟ್ಟದ್ದು ಅದೊಂದೇ. ಬಂದವರ ಕಣ್ಣು ಅತ್ತ ಹೋದಾಗಲೆಲ್ಲ ಅವನು ಎದ್ದು ಹೋಗಿ ಒಲೆಗೆ ಕಟ್ಟಿಗೆ ಹಾಕುತ್ತಿದ್ದ.

ಆರ್ವೊ ಮಣ್ಣಾದ ಮಾರನೆಯ ವಾರ ರೈನೊ ಏಲಕ್ಕಿ ಬ್ರೆಡ್ಡು ಹಿಡಿದುಕೊಂಡು ಬಂದ. ಕಾಫಿ ಮುಗಿದ ಮೇಲೆ ಸೈಮಾ ಕಪಾಟಿನ ಕಡೆ ತಿರುಗಿದಳು. ರೈನೊ ಏಳಹೋದ.

"ಯಾವ್ದು ಬೇಕು ಹೇಳು, ಕೊಡ್ತೀನಿ."

"ಕೂತ್ಕೊ."

ಅವಳ ಬೆರಳು ಮೇಲೇರಿತು. ಎರಡನೆಯ ಪಟ್ಟಿಯ ಮೇಲೆ ಸ್ವಲ್ಪ ಹೊತ್ತು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು, ನಿಂತಿತು. ಆಮೇಲೆ ಮೂಲೆ ಸುತ್ತಿ ಒಳಗೆ ಹೋಗಿ, ಬೇಕಾದ ಪುಸ್ತಕವನ್ನು ತೆಗೆದುಕೊಂಡಿತು.