ನೇಮಕದ ಅಧ್ಯಕ್ಷರ ಮಾತು ನಂಬಿ

ಆ ಮಾತಿಗೆ ನಾನು ತೆತ್ತದ್ದು ಒಂದು ಶಾಲು, ಒಂದು ಗುಲಾಬಿ ಹಾರ, ಮತ್ತು ಬೀಗರ ಜೊತೆ ಬಹುಪಾಲು ಗೆದ್ದಿದ್ದ ಒಂದು ವಾದ. ಶಾಲು, ಹಾರ ಹೋಗಲಿ. ವಾದ ಬಿಟ್ಟುಕೊಟ್ಟದ್ದು ಮಗಳ ಹೆರಿಗೆಯ ವಿಷಯದಲ್ಲಿ.

ಮಗಳನ್ನು ಕೊಟ್ಟದ್ದು ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಆಚೆ, ಹಳ್ಳ ದಾಟಿದ ಮೇಲೆ ಸಿಗುವ ಊರಿಗೆ. ಮಳೆ ಜೋರಾದರೆ ಹಳ್ಳ ರಸ್ತೆಯ ಮೇಲೆಯೇ ಹರಿಯುತ್ತದೆ. ದೇವದುರ್ಗದ ಆಸ್ಪತ್ರೆ ಈಚೆ ಉಳಿಯುತ್ತದೆ. ಮೊದಲ ಹೆರಿಗೆ ತವರಲ್ಲಿ ಆಗಿತ್ತು. ಎರಡನೆಯದು ತಮ್ಮ ಮನೆಯಲ್ಲೇ ಎಂಬುದು ಬೀಗರ ಪದ್ಧತಿ. ತಿಂಗಳು ತುಂಬುವುದೋ ಮಳೆಗಾಲದಲ್ಲಿ. ನಮ್ಮೂರು ಮಾನ್ವಿಗೆ ಕಳಿಸಿ ಎಂದು ಎಳೆದಾಡಿ, ಬೀಗರನ್ನು ಬಹುಮಟ್ಟಿಗೆ ಒಪ್ಪಿಸಿದ್ದೆ.

ಅಷ್ಟರಲ್ಲಿ ನಮ್ಮ ಭಾಗದ ಅಭಿವೃದ್ಧಿ ಮಂಡಳಿಗೆ ಹೊಸ ಅಧ್ಯಕ್ಷರು ಬಂದರು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ, ಬೇರೆ ಅನುದಾನ ಎಲ್ಲ ಇದೆ. ಮಂಡಳಿಯ ಮುಖ್ಯಸ್ಥರನ್ನು ಆರಿಸುವುದು ಮಾತ್ರ ನಾವಲ್ಲ, ಬೆಂಗಳೂರಿನ ಸರ್ಕಾರ. ರಾಯಚೂರಿನಲ್ಲಿ ಸನ್ಮಾನ ನಡೆಯಿತು. ಹಮಾಲಿಯಿಂದ ಶುರುಮಾಡಿ ಸ್ವಂತ ಭತ್ತದ ವ್ಯಾಪಾರ ಕಟ್ಟಿದ ನನಗೆ ನಮ್ಮ ಕಡೆ ಮಾತು ಹಿಡಿಯುವ ಬಗೆ ಗೊತ್ತು. ಶಾಲು ಹೊದಿಸಿ, ಅದರ ಅಂಚು ಕೈಬಿಡದೆ, ಮೈಕಿನ ಮುಂದೆಯೇ ಕೇಳಬೇಕು. ನಾಳೆ ಮತ ಕೇಳಲು ಬರಬೇಕಾದವರು ಆಮೇಲೆ ಜಾರಿಕೊಳ್ಳುವುದು ಕಷ್ಟ.

"ಸಾಹೇಬ್ರ, ಮಳಿಗಿಂತ ಮೊದ್ಲ ಹಳ್ಳಕ್ಕ ಸೇತುವಿ ಆಗ್ಬೇಕ್ರಿ."

"ಆತು, ಮಾಡಿಸ್ತೀನಿ. ಮೊದ್ಲ ಶಾಲು ಬಿಡ್ರಿ!"

ಸಭೆ ನಕ್ಕಿತು. ನಾನು ಅಂದೇ ಬೀಗರಿಗೆ ಫೋನು ಮಾಡಿ, "ಅಲ್ಲೇ ಇಟ್ಗೋರ್ರಿ, ಸೇತುವಿ ಆಗ್ತದ" ಎಂದೆ.

ಬೇಸಿಗೆ ಕಳೆಯುವ ಮೊದಲೇ ಸರ್ಕಾರ ಅಧ್ಯಕ್ಷರನ್ನು ಬದಲಿಸಿತು. ಹೊಸಬರಿಗೆ ಆ ಮಾತಿನ ಹಂಗಿಲ್ಲ; ಹಳಬರಿಗೆ ನಮ್ಮ ಮತದ ಹಂಗು ಮೊದಲೂ ಇರಲಿಲ್ಲ. ಹಳ್ಳದ ದಂಡೆಗೆ ಒಂದು ಪುಟ್ಟಿ ಮರಳೂ ಬೀಳಲಿಲ್ಲ. ಸಂಜೆ ಮೋಡ ಕಟ್ಟಿದರೆ ಮಗಳಿಗೆ ಫೋನು ಹಚ್ಚುತ್ತಿದ್ದೆ. ಕೊನೆಗೆ ಜಾಲಹಳ್ಳಿ ಬಸ್ಸು ಹತ್ತಿದೆ.

"ಏನ್ರೀ ಬೀಗರ, ಸೇತುವಿ ಹೊತ್ಗೊಂಡು ಬಂದ್ರೇನು?" ಬೀಗರು ಕಟ್ಟೆಯ ಮೇಲಿಂದಲೇ ಕುಟುಕಿದರು.

"ಇಲ್ರಿ. ಮಗಳನ್ನ ಕರ್ಕೊಂಡು ಹೋಗಾಕ ಬಂದೀನಿ."

"ಇಟ್ಗೋರ್ರಿ ಅಂದವ್ರು ನೀವ. ಈಗ ಪದ್ಧತಿ ಮುರೀರಿ ಅಂತೀರಿ."

"ಮುರೀಬ್ಯಾಡ್ರಿ. ರಾಯಚೂರಾಗ ಆಸ್ಪತ್ರಿ ಬಾಜೂಕ ನಿಮ್ಮ ಹೆಸರ್ಲೇ ಮನಿ ಬಾಡಿಗಿ ಹಿಡೀತೀನಿ. ಬೀಗತಿ ಬಂದು ಒಲಿ ಹಚ್ಲಿ. ಆಗ ಅದು ನಿಮ್ಮ ಮನಿ ಆತಲ್ರಿ?"

ಬೀಗರು ಒಳಬಾಗಿಲ ಕಡೆ ನೋಡಿದರು. ಒಳಗಿಂದ ಬೀಗತಿಯ ದನಿ ಬಂತು: "ಒಲಿ ಬ್ಯಾಡ್ರಿ, ಗ್ಯಾಸ್ ಇರ್ಲಿ."

ವ್ಯವಹಾರ ಕುದುರಿತು. ಮಗಳು ಈಗ ರಾಯಚೂರಿನಲ್ಲಿದ್ದಾಳೆ. ಹೆರಿಗೆ ಇನ್ನೂ ಆಗಿಲ್ಲ. ಫೋನು ಸದ್ದಾದರೆ ಭತ್ತದ ತೂಕ ಅಲ್ಲಿಗೇ ಬಿಟ್ಟು ಎತ್ತಿಕೊಳ್ಳುತ್ತೇನೆ.

ನಿಮಗೂ ಹೇಳುತ್ತೇನೆ. ಆರಿಸಿ ಬಂದವರನ್ನು ಜನರ ಮುಂದೆ ಹಿಡಿಯಿರಿ. ನೇಮಕವಾಗಿ ಬಂದವರಿಗೆ ನಮಸ್ಕಾರ ಮಾಡಿ, ಚಹಾ ಕುಡಿಸಿ, ಆದರೆ ಮಂಜೂರಾತಿ ಆಗಿ ಕೆಲಸ ಶುರುವಾಗುವ ತನಕ ಅವರ ಮಾತಿನ ಮೇಲೆ ಮನೆಯ ಯಾವ ತೀರ್ಮಾನವನ್ನೂ ನಿಲ್ಲಿಸಬೇಡಿ. ಹಳ್ಳದಾಚೆ ತುಂಬು ಬಸುರಿ ಇದ್ದರೆ, ಮೊದಲ ಮಳೆಗಿಂತ ಮುಂಚೆ ಈಚೆ ಕರೆತನ್ನಿ.