ದನ ಏನು ತಿಂದಿದ್ದವು?

ಹಂಪಿಯ ಮಗ್ಗುಲಲ್ಲೇ ಬೆಳೆದರೂ ಅರಮನೆ, ಆನೆಲಾಯಗಳ ಕಡೆ ಕಣ್ಣೆತ್ತಿ ನೋಡದೆ, ಜನ್ಮವಿಡೀ ಸೆಗಣಿಯ ಬೆನ್ನು ಹತ್ತಿದವಳು ನಮ್ಮ ಕಂಪ್ಲಿಯ ಪಂಪಾವತಿ. ಅಕ್ಕಿ ಗಿರಣಿ ಚನ್ನಯ್ಯನವರ ಮಗಳು. ಚಿಕ್ಕವರಿದ್ದಾಗ ನಾವೆಲ್ಲ ಗಿರಣಿಯ ಹೊಟ್ಟಿನ ಗುಡ್ಡೆ ಹತ್ತಿ ಜಾರಿದರೆ, ಇವಳು ಕೆಳಗೆ ಕೂತು ಹೊಟ್ಟು ಆರಿಸುತ್ತಿದ್ದಳು. ಮುಂದೆ ಪುಣೆಯಲ್ಲಿ ಪುರಾತತ್ವ ಓದಿ, ಡಾಕ್ಟರೇಟ್ ಪಡೆದು, ಅಲ್ಲೇ ಪಾಠ ಹೇಳತೊಡಗಿದಳು. ಅವಳು ಬರೆದದ್ದೆಲ್ಲ ಒಂದೇ ಪ್ರಶ್ನೆಯ ಸುತ್ತ: ನಾಲ್ಕು ಸಾವಿರ ವರ್ಷದ ಹಿಂದೆ ನಮ್ಮ ಸೀಮೆಯ ದನ ಏನು ತಿಂದಿದ್ದವು? ಕಾಡಿನ ಹುಲ್ಲೋ, ಹೊಲದ ಮೇವೋ? ಹೊಲದ ಮೇವಾದರೆ ಇಲ್ಲಿ ಆಗಲೇ ಬೇಸಾಯ ಇತ್ತೆಂದು ಅರ್ಥ. ದನದ ಊಟ ಕೇಳಲು ಪುಣೆಯತನಕ ಹೋಗಬೇಕಿತ್ತೇ ಎಂದು ಚನ್ನಯ್ಯನವರು ಹಣೆ ಚಚ್ಚಿಕೊಂಡರು.

ಉತ್ತರ ಇದ್ದದ್ದು ಸಂಡೂರು ದಾರಿಯ ಒಂದು ಬೂದಿದಿಬ್ಬದಲ್ಲಿ. ಆ ಕಾಲದ ದನಗಾಹಿಗಳು ಗುಡ್ಡೆ ಹಾಕಿ ಸುಟ್ಟ ಸೆಗಣಿಯ ಬೂದಿ ಅದು. ಊರವರ ಲೆಕ್ಕದಲ್ಲಿ ಮಾತ್ರ ರಾಕ್ಷಸನನ್ನು ಸುಟ್ಟ ಜಾಗ. ಹೊಲ ಕೊಟ್ರಬಸಪ್ಪನದು. ಅದಿರಿನ ಲಾರಿಗಳು ದಾರಿ, ಗಿಡ, ಮನೆ ಎನ್ನದೆ ಎಲ್ಲವನ್ನೂ ಕೆಂಪು ಮಾಡುತ್ತಿದ್ದ ವರ್ಷಗಳವು. ಪಂಪಾವತಿ ದಿಬ್ಬದಲ್ಲಿ ಗುಂಡಿ ತೋಡಿ, ಬೂದಿಯನ್ನು ಚೀಲಕ್ಕೆ ತುಂಬಿ ಚೀಟಿ ಅಂಟಿಸಿದ್ದೇ ತಡ, ಅದಿರು ಸಿಕ್ಕಿತೆಂದು ಕೊಟ್ರಬಸಪ್ಪ ಹಿಗ್ಗಿದ. ಬರೀ ಸೆಗಣಿ ಎಂದು ಇವಳು ಎಷ್ಟು ಹೇಳಿದರೂ ನಂಬಲಿಲ್ಲ. ಸೆಗಣಿಗಾಗಿ ಜೀಪು ಮಾಡಿಕೊಂಡು ಬರುವ ಹೆಂಗಸು ಎಲ್ಲಿದ್ದಾಳೆ? ಗಣಿಯಲ್ಲಿದ್ದ ನೆಂಟನಿಗೆ ತಾನೂ ಒಂದು ಪೊಟ್ಟಣ ಕಳಿಸಿದ. ಸೆಗಣಿಯೇ ಎಂದು ಅಲ್ಲಿಂದಲೂ ಉತ್ತರ ಬಂತು. ಸಿಟ್ಟಿಗೆ, ದಿಬ್ಬ ಸಮ ಮಾಡಿ ಲಾರಿ ನಿಲ್ಲಿಸಿಕೊಳ್ಳಲು ಕಂಟ್ರಾಕ್ಟರನಿಗೆ ಒಪ್ಪಿಕೊಂಡುಬಿಟ್ಟ.

ಪಂಪಾವತಿಯ ಗುಂಡಿ ಆಗಷ್ಟೇ ತಳದ ಪದರ ಮುಟ್ಟಿತ್ತು. ಅವಳಿಗೆ ಅನ್ನ ಸೇರಲಿಲ್ಲ. ಸರ್ಕಾರದ ಆದೇಶ ಬರುವಷ್ಟರಲ್ಲಿ ದಿಬ್ಬವೇ ಇರುವುದಿಲ್ಲವೆಂದು ಗೊತ್ತಿತ್ತು. ಕೊನೆಗೆ ಕೊಟ್ರಬಸಪ್ಪನ ತಾಯಿ ಮುದುಕಮ್ಮನ ಎದುರು ಕೂತು, ಸೆಗಣಿ ಹೇಗೆ ಕೂಡಿಟ್ಟರು, ಹೇಗೆ ಬೆಳ್ಳಗಾಗುವ ತನಕ ಸುಟ್ಟರು, ಆ ದನ ಏನು ತಿಂದಿದ್ದವೆಂಬುದು ತಳದ ಬೂದಿಯಲ್ಲಿ ಹೇಗೆ ಉಳಿದಿದೆ ಎಂದು ಹೇಳಿ ಅತ್ತೇಬಿಟ್ಟಳು. ಮುದುಕಮ್ಮನ ಹಣೆಯ ತುಂಬ ವಿಭೂತಿ.

“ಆಕಳ ಸೆಗಣಿ ಸುಟ್ಟಿದ್ದಂದ್ರ ಅದು ಈಬತ್ತಿ ಅಲ್ಲೇನಬೇ?” ಎಂದಳು ಮುದುಕಿ.

ಮರುದಿನ ಜೆಸಿಬಿ ಬಂದಾಗ ಮುದುಕಮ್ಮ ದಿಬ್ಬದ ಬೂದಿಯನ್ನು ಡ್ರೈವರನ ಹಣೆಗೆ ಬಳಿದು, ಈಗ ಬೇಕಾದರೆ ಇದರ ಮೇಲೆ ಗಾಲಿ ಹತ್ತಿಸು ಎಂದಳಂತೆ. ಅವನು ಯಂತ್ರ ಆರಿಸಿ ಇಳಿದ. ಕಂಟ್ರಾಕ್ಟರನೂ ಹೊಸ ಲಾರಿಗಳಿಗೆಂದು ಒಂದು ಹಿಡಿ ಬೂದಿ ಕಟ್ಟಿಕೊಂಡು ಕೈಮುಗಿದು ಹೋದ.

ಕುಣಿಯುತ್ತ ಬಂದ ಪಂಪಾವತಿಯನ್ನು ಮುದುಕಿ ತಡೆದಳು. ಚಪ್ಪಲಿ ಅಲ್ಲೇ ಬಿಡಬೇಕು, ಕರಣಿಯನ್ನೂ ಅಲ್ಲೇ ಬಿಡಬೇಕು. ಶಿವನ ಬೂದಿಯನ್ನು ಅಗೆಯುವುದುಂಟೇ? ಗುಂಡಿ ತೋಡುವುದೇ ಕಸುಬಾಗಿದ್ದವಳು ಹೀಗೆ ತಾನು ತೋಡಿದ್ದರಲ್ಲಿ ತಾನೇ ಬಿದ್ದಳು.

ಆದರೆ ಬಿಡುವ ಪೈಕಿಯಲ್ಲ ನಮ್ಮವಳು. ಪ್ರತಿ ಸಲ ಬಂದು ಭಕ್ತಿಯಿಂದ ತಲೆ ಬಗ್ಗಿಸುವಳು. ಮೇಲಿನ ಬೂದಿ ಕುರಿ, ನಾಯಿ ತುಳಿದದ್ದೆಂದು ಮುದುಕಮ್ಮ ಗುಂಡಿಯ ತಳದಿಂದಲೇ ತಂದು ಹಣೆಗೆ ದಪ್ಪಗೆ ಹಚ್ಚುವಳು. ಪಂಪಾವತಿ ಜೀಪಿನಲ್ಲಿ ಕೂತು, ಬ್ಲೇಡಿನಿಂದ ಹಣೆ ಕೆರೆದು ಗಾಜಿನ ಸೀಸೆಗೆ ತುಂಬಿಕೊಳ್ಳುವಳು. ಮಗಳಿಗೆ ಕೊನೆಗೂ ದೇವರಲ್ಲಿ ಭಕ್ತಿ ಬಂತೆಂದು ಚನ್ನಯ್ಯನವರು ಕಂಪ್ಲಿಗೆಲ್ಲ ಹೇಳಿಕೊಂಡು ತಿರುಗಿದರು, ಪಾಪ.

ಮುಂದಿನ ಬೇಸಿಗೆಯಲ್ಲಿ ಅವಳು ಮತ್ತೆ ಬಂದಾಗ ಮುದುಕಮ್ಮ ಆಕಳಿಗೆ ಮೇವು ಹಾಕುತ್ತಿದ್ದಳು. ಜೋಳದ ಕಣಕಿಯ ಮೇಲೆಲ್ಲ ಗಣಿಯ ಕೆಂಪು ಧೂಳು. ಮುದುಕಿ ಒಂದೊಂದೇ ಕಟ್ಟು ಎತ್ತಿ ಝಾಡಿಸುತ್ತಿದ್ದಳು. ತಿರುಗಿ ನೋಡದೆಯೇ ಕೇಳಿದಳು: “ಹಣಿ ಕೆರಕೊಂಡು ಕೆರಕೊಂಡು ನೋಡಿದೆಲ್ಲ, ಏನ್ ತಿಂದಿದ್ವು?”

ಪಂಪಾವತಿ ನಾಲಿಗೆ ಕಚ್ಚಿಕೊಂಡಳು. “ಕೊರಲೆ ಹುಲ್ರಿ ಅವ್ವಾರ. ಹೊಲದಾಗ ಬೆಳೆದಿದ್ದು.”

“ಪುಣ್ಯ ಮಾಡಿದ್ವು.” ಮುದುಕಿ ಮೇವನ್ನು ಇನ್ನೊಮ್ಮೆ ಝಾಡಿಸಿದಳು. ಕೆಂಪು ಧೂಳು ಆಕಳ ಮುಖದ ಮೇಲೇ ಕೂತಿತು. “ಮುಂದ ಯಾವಾಗರ ನಿನ್ನಂಥಾಕಿ ಒಬ್ಬಾಕಿ ಬಂದು ಈಕಿ ಸೆಗಣಿ ನೋಡಿದ್ರ, ಗುಡ್ಡ ತಿಂದಿತ್ತು ಅಂತ ಬರೀತಾಳ.”