ದೋಣಿಗಲ್ ಗುಡ್ಡ ಓಟಕ್ಕೆ ವಾಕಿಟಾಕಿ ಹೊತ್ಕೊಂಡು ಹೋಗಿದ್ದು

ಆಲೂರಲ್ಲಿ ಬೆಳಗಿನ ಮೊದಲನೇ ಬಸ್ ಹತ್ತಿದ್ವಿ, ನಾನೂ ನಮ್ಮಕ್ಕ ಕಾವ್ಯಾನೂ. ಅವಳಿಗೆ ಟಿಕೆಟ್ ಫ್ರೀ, ನಂಗೆ ದುಡ್ಡು. ಅವಳು ಓಡೋಳು, ನಾನು ಅಂಪೈರು, ನ್ಯಾಯ ಎಲ್ಲೈತೆ ನೀವೇ ಹೇಳಿ. ಪೂರ್ತಿ ಅಂಪೈರಲ್ಲ ಬಿಡಿ. ನಮ್ಮ ಪಿಟಿ ಮೇಷ್ಟ್ರು ಶಿವಪ್ಪನೋರು ಈ ಗುಡ್ಡ ಓಟಕ್ಕೆ ಮುಖ್ಯ ಅಂಪೈರು, ನಾನು ಅವರ ವಾಕಿಟಾಕಿ ಮಂತ್ರಿ.

ಸಕಲೇಶಪುರದಲ್ಲಿ ಇಳಿದು ಕಡುಬು ತಿಂದ್ವಿ. ನಾನು ಹದಿನಾಲ್ಕು ತಿಂದೆ. ಅಕ್ಕ ಆರು ಅಂತಾಳೆ, ಅವಳ ಗಣಿತ ಮೊದಲಿಂದ್ಲೂ ವೀಕು. ಅಲ್ಲಿಂದ ಮೇಷ್ಟ್ರ ಜೊತೆ ಕಾಫಿ ಮೂಟೆ ಸಾಗ್ಸೋ ರಫೀಕಣ್ಣನ ಪಿಕಪ್‌ನಲ್ಲಿ ದೋಣಿಗಲ್. ಮಂಜು ಎಷ್ಟಿತ್ತು ಅಂದ್ರೆ ಪಿಕಪ್‌ನ ಮೂತೀನೇ ಕಾಣ್ತಿರ್ಲಿಲ್ಲ. ಆನೆ ಓಡಾಡ್ತೈತೆ ಅಂತ ಮೊಬೈಲಿಗೆ ಫಾರೆಸ್ಟಿನೋರ ಮೆಸೇಜ್ ಬಂದೈತಲ್ಲ, ಓಟ ಬೇಕಾ ಅಂತ ರಫೀಕಣ್ಣ ಮೇಷ್ಟ್ರನ್ನ ಕೇಳಿದ. ಅದು ಬೆಳಗೋಡು ಕಡೆ ಹೋಗ್ಬುಟ್ಟೈತೆ ಅಂದ್ರು ಮೇಷ್ಟ್ರು. ನಾನು ಪಿಕಪ್ಪಿನ ಗ್ಲಾಸು ಪೂರ್ತಿ ಏರಿಸ್ದೆ.

ವೈರ್‌ಲೆಸ್ ಹೆಡ್‌ಸೆಟ್ ಇದ್ದಿದ್ದೇ ಒಂದು, ಅದನ್ನ ಮಂತ್ರಿಗಳೇ ಇಟ್ಕೊಂಡ್ರು. ವೈರ್ ಇರೋವು ಮೇಷ್ಟ್ರಿಗೂ ರಫೀಕಣ್ಣಂಗೂ. ಒಬ್ರು ಬಟನ್ ಒತ್ತಿದ್ರೆ ಮಿಕ್ಕೋರು ಕೇಳ್ಬೇಕು ಅಷ್ಟೆ, ಮಾತಾಡೋಕಾಗಲ್ಲ, ಹೇಳಿ ಬಟನ್ ಬಿಟ್ಬಿಡಿ ಅಂತ ಭಾಷಣ ಬಿಗಿದೆ. ಮೇಷ್ಟ್ರು ತಲೆ ಆಡ್ಸಿದ್ರು. ಆಮೇಲೆ, ನಮ್ಮ ಕಡೆ ಮಂಜಿಗೆ ಎಲ್ರೂ ಮೊಬೈಲಿಗೆ ಮಾಡೋಹಂಗೆ, ಬಟನ್ನಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಮೂರು ರಬ್ಬರ್ ಬ್ಯಾಂಡ್ ಬಿಗಿದ್ರು.

ಮೇಷ್ಟ್ರು ಗುಡ್ಡದ ಮೇಲೆ ಓಟ ಮುಗಿಯೋ ಗೆರೆ ಹತ್ರ, ರಫೀಕಣ್ಣ ಕೆಳಗಿನ ತಿರುವಲ್ಲಿ, ನಾನು ಮಧ್ಯದ ತಿರುವಲ್ಲಿ ಒಬ್ನೇ. ಓಟ ಶುರುವಾಯ್ತು ಅಂತ ರಫೀಕಣ್ಣ ಹೇಳಿದ್ದು ಕೇಳಿಸ್ತು. ಅದಾದ್ಮೇಲೆ ಕಿವೀಲಿ ಮೇಷ್ಟ್ರ ಏದುಸಿರು. ಯಾರಿಗೋ ಅವರ ಮಂಡಿ ನೋವಿನ ಪುರಾಣ. ನಿಲ್ಲಲೇ ಇಲ್ಲ. ರಬ್ಬರ್ ಬ್ಯಾಂಡ್ ಬಟನ್ ಒತ್ತಿ ಹಿಡ್ಕೊಂಬುಟ್ಟಿತ್ತು.

ಆಗ ಕೆಳಗಡೆ ಕಾಫಿ ಗಿಡ ಮುರಿದ ಸದ್ದು. ರಫೀಕಣ್ಣಂಗೂ ನಂಗೂ ನಡುವೆ ರೋಡಿಗೆ ಆನೆ ಬಂತು. ನಮ್ಮ ತಾಲ್ಲೂಕು ಆಫೀಸಿನಷ್ಟಿತ್ತು. ಇಲ್ಲ, ಆಫೀಸಿನ ಗೇಟಿನಷ್ಟು. ಒಂಟಿ ಸಲಗ.

ಬಟನ್ ಒತ್ತಿ ಪಿಸುಗುಟ್ಟಿದೆ, ಆನೆ, ಓಟ ನಿಲ್ಸಿ. ಕಿವೀಲಿ ಬರೀ ಮೇಷ್ಟ್ರ ಮಂಡಿ ನೋವು. ಮೊಬೈಲಲ್ಲಿ ನೆಟ್‌ವರ್ಕ್ ಇಲ್ಲ. ಕೂಗಿದ್ರೆ ಆನೆ ನನ್ನ ಕಡೆ ತಿರುಗ್ತೈತೆ. ಕೆಳಗಿಂದ ಅಕ್ಕ ಬರ್ತಾವ್ಳೆ, ಅವಳು ಯಾವಾಗ್ಲೂ ಮುಂದೇನೇ ಓಡೋಳು.

ಮೇಲಕ್ಕೆ ಓಡಿದೆ. ಆ ಓಟಕ್ಕೆ ನಂಗೇ ಕಪ್ ಕೊಡ್ಬೇಕಿತ್ತು. ಮೇಷ್ಟ್ರ ಎದೇಲಿ ನೇತಾಡ್ತಿದ್ದ ವಾಕಿಟಾಕಿಗೇ ಕೈ ಹಾಕಿ ಕವರ್ ಹರಿದೆ.

"ರಫೀಕಣ್ಣಾ, ಆನೆ. ಎಲ್ರನ್ನೂ ನಿಲ್ಸು."

"ಮಿಕ್ಕೋರನ್ನ ನಿಲ್ಸ್ದೆ ಮಾರಾಯ," ಅಂದ ರಫೀಕಣ್ಣ. "ನಿಮ್ಮಕ್ಕ ಆಗ್ಲೇ ಮೇಲಕ್ಕೆ ಹೋಗ್ಬುಟ್ಟವ್ಳೆ ಕಣೋ."

ಮೇಷ್ಟ್ರು ಮಂಡಿ ಮರೆತು ಇಳಿಯೋಕೆ ಹೊರಟ್ರು, ನಾನು ಅವರ ಷರಟು ಹಿಡ್ಕೊಂಡು ಹಿಂದೆ. ಮಧ್ಯದ ತಿರುವಿಗೆ ಬಂದಾಗ ರೋಡಲ್ಲಿ ಬಿಸಿ ಲದ್ದಿ ಮಾತ್ರ ಇತ್ತು, ಹಬೆ ಏಳ್ತಿತ್ತು. ಅಕ್ಕನ್ನ ಕೂಗೋಕೂ ಇಬ್ರಿಗೂ ಧೈರ್ಯ ಇಲ್ಲ.

ತೋಟದ ಸಿಲ್ವರ್ ಓಕ್ ಮರದ ಹಿಂದಿಂದ ಅವಳೇ ಬಂದ್ಳು. ಎರಡು ಕೈಯಲ್ಲೂ ಬಾಯಿ ಮುಚ್ಕೊಂಡಿದ್ಳು, ತೆಗಿ ಅಂದ್ರೂ ತೆಗೀಲಿಲ್ಲ. ಮೇಷ್ಟ್ರು ಅವಳ ತಲೆ ಮೇಲೆ ಕೈ ಇಟ್ಟು, "ತಪ್ಪಾಯ್ತು ಮಗಾ" ಅಂದ್ರು.

ಓಟ ರದ್ದಾಯ್ತು. ವಾಪಸ್ ಬಸ್ಸಲ್ಲಿ ನಾನು ಏನೇನೋ ಜೋಕ್ ಹೊಡೆದೆ, ಅಕ್ಕ ನಗಲಿಲ್ಲ. ನನ್ನ ಮಣಿಕಟ್ಟು ಹಿಡ್ಕೊಂಡಿದ್ಳು, ಉಗುರು ನಾಟಿತ್ತು. ಹೇಮಾವತಿ ಸೇತುವೆ ದಾಟುವಾಗ ಕಿಟಕೀಲಿ ಬಗ್ಗಿ ಒಂದ್ಸಲ ಗುಡ್ಡದ ಕಡೆ ನೋಡೋಕೆ ಹೋದೆ. ಅವಳು ನನ್ನ ಗಲ್ಲ ಹಿಡ್ದು ಮುಂದಕ್ಕೆ ತಿರುಗ್ಸಿದ್ಳು.

"ಅದು ಉಸಿರು ಬಿಟ್ಟಿದ್ದು ನನ್ನ ಕೂದ್ಲಿಗೆ ತಾಗ್ತು ಕಣೋ," ಅಂದ್ಳು. "ಹಿಂದೆ ನೋಡ್ಬೇಡ."

ನೋಡಲಿಲ್ಲ.